ಉಳಿಸಿಕೊಳ್ಳುವವನು

ವಾರದ ರಜೆಯ ದಿನ ಬೆಳಿಗ್ಗೆ ಹತ್ತಕ್ಕೆ ಊಟದ ಮೇಜಿನ ಮೇಲೆ ಬ್ಯಾಂಕಿನ ಹಾಳೆಗಳನ್ನು ಹರಡಿಕೊಂಡು ಕೂತವನಿಗೆ ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಕೇಳಿದ್ದರೆ ಸರದಿಯಂತೆ ಹೇಳುತ್ತಿದ್ದ: ಇಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ ಬ್ಯಾಂಕಿನ ಮೇಲೆ, ಹಾಳೆಗಳ ಮೂಲೆಗೆ ನೀಟಾಗಿ ಪಿನ್ನು ಹೊಡೆದು ಪಕ್ಕದಲ್ಲಿ ಕೆಂಪು ಪೆನ್ನು, ಹಸಿರು ಪೆನ್ನು ಎರಡನ್ನೂ ಇಟ್ಟು ಕೆಲಸಕ್ಕೆ ಹೋದ ಹೆಂಡತಿಯ ಮೇಲೆ, ಆ ಎರಡು ಪೆನ್ನುಗಳು ಒಂದಕ್ಕೊಂದು ಸಮನಾಗಿ ಮಲಗಿದ್ದ ರೀತಿಯ ಮೇಲೆ. ಮದುವೆಯಾಗಿ ಹದಿಮೂರು ವರ್ಷ. ತೀರಿಹೋದ ತನ್ನ ತಾಯಿಯ ಮನೆಗೆ ಬರುವ ತಿಂಗಳ ಒಂದನೇ ತಾರೀಕಿಗೆ ಹೋಗಿ ಇರುವುದಾಗಿ, ಅದಕ್ಕೆ ಮುಂಚೆ ಜಂಟಿ ಖಾತೆ ಮುಚ್ಚುವುದಾಗಿ ಅವಳು ಹೇಳಿ ಹನ್ನೊಂದು ದಿನವಾಗಿತ್ತು. ಹೇಳಿದ್ದು ಜಗಳದಲ್ಲೂ ಅಲ್ಲ. ಒಣಗಿದ ಬಟ್ಟೆ ಮಡಿಸುತ್ತ, ಅವನದೇ ಅಂಗಿಯ ತೋಳುಗಳನ್ನು ಬೆನ್ನಿನ ಕಡೆಗೆ ತಿರುಗಿಸಿ ಒತ್ತುತ್ತ ಹೇಳಿದ್ದಳು. ಈವತ್ತು ಬೆಳಿಗ್ಗೆಯೂ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಅದೇ ಧ್ವನಿ. 'ತಿಂಗಳು ತಿಂಗಳು ತಾನಾಗೇ ಕಟ್ ಆಗೋದೆಲ್ಲ ಒಂದೊಂದೇ ನೋಡು. ಇಬ್ಬರಲ್ಲಿ ಒಬ್ರಿಗೆ ಬೇಕಿದ್ರೂ ಹಸಿರು. ಇಬ್ರಿಗೂ ಬೇಡದ್ದು ಕೆಂಪು. ಒಂದೂ ಬಿಡ್ಬೇಡ. ಸಂಜೆ ಬಂದು ಫಾರ್ಮಿಗೆ ಸೈನ್ ಹಾಕೋಣ.' ಆಯ್ತು ಎಂದಿದ್ದ. ಆಯ್ತು ಎನ್ನುವುದಕ್ಕೆ ಅವನಿಗೇನೂ ಕಷ್ಟವಿರಲಿಲ್ಲ, ಯಾಕೆಂದರೆ ಅವಳು ಹೋಗುತ್ತಾಳೆ ಎಂದು ಅವನು ಒಂದು ಕ್ಷಣವೂ ನಂಬಿರಲಿಲ್ಲ.

ಬಿಟ್ಟು ಹೋಗುವವರ ವಿಷಯ ಅವನಿಗೆ ಗೊತ್ತಿದ್ದಷ್ಟು ಯಾರಿಗೆ ಗೊತ್ತಿತ್ತು? ಮನೆಮನೆಗೆ ಇಂಟರ್ನೆಟ್ ಲೈನು ಕೊಡುವ ಕಂಪನಿಯ ನಾಲ್ಕನೇ ಮಹಡಿಯಲ್ಲಿ, ಲೈನು ಬೇಡ ಎಂದು ಫೋನು ಮಾಡುವವರನ್ನು ಬೇಡ ಎನ್ನದಂತೆ ಮಾಡುವುದೇ ಅವನ ಕೆಲಸ. ಆ ವಿಭಾಗಕ್ಕೆ ಉಳಿಕೆ ವಿಭಾಗ ಎಂದು ಹೆಸರು. ಅಲ್ಲಿ ಯಾರೂ ಸ್ವಂತ ಹೆಸರು ಹೇಳುವುದಿಲ್ಲ, ಆ ಮೇಜಿಗೆಂದು ಕಂಪನಿ ಇಟ್ಟ ಸುಳ್ಳು ಹೆಸರು, ಮೇಜಿನ ಹೆಸರು, ಹೇಳುತ್ತಾರೆ. ಜೊತೆಯವರು ಅವನನ್ನು ಅಂಟು ಎಂದು ಕರೆಯುತ್ತಿದ್ದರು. ಹಚ್ಚಿದರೆ ಬಿಡುವುದಿಲ್ಲ ಎಂಬ ಮೆಚ್ಚುಗೆಯೂ ಅದರಲ್ಲಿತ್ತು, ಕೈತೊಳೆದುಕೊಳ್ಳಬೇಕು ಎಂಬ ಅಸಹ್ಯವೂ ಇತ್ತು. ಅವನು ಮೆಚ್ಚುಗೆಯನ್ನಷ್ಟೇ ತೆಗೆದುಕೊಂಡಿದ್ದ. ವಿದ್ಯೆ ಸರಳ. ಮೂರು ಸಲ ಯಾಕೆ ಎಂದು ಕೇಳಬೇಕು. ಮೊದಲ ಯಾಕೆಗೆ ಸುಳ್ಳು ಬರುತ್ತದೆ, ಎರಡನೆಯದಕ್ಕೆ ಸಿಟ್ಟು, ಮೂರನೆಯದಕ್ಕೆ ನಿಜ. ನಿಜ ಹೇಳಿದ ಮನುಷ್ಯ ಮೆತ್ತಗಾಗಿರುತ್ತಾನೆ. ಆಗ ಮೊದಲ ಆಫರು ಇಡಬೇಕು: ಆರು ತಿಂಗಳು ಅರ್ಧ ದರ. ಅದನ್ನೂ ಒದ್ದರೆ ಮಾತ್ರ ಎರಡನೇ ಆಫರು, ಅದು ಅಲ್ಲಿಯವರೆಗೆ ಇರಲೇ ಇಲ್ಲವೆಂಬಂತೆ, ಇದೀಗ ನಿಮಗೋಸ್ಕರ ಮೇಲಿನವರ ಕಾಲು ಹಿಡಿದು ತಂದೆ ಎಂಬಂತೆ. ಇದನ್ನೆಲ್ಲ ವರ್ಷಗಟ್ಟಲೆ ಊಟಕ್ಕೆ ಕೂತಾಗ ಹೇಳಿ ಹೇಳಿ ಹೆಂಡತಿಗೂ ಬಾಯಿಪಾಠವಾಗಿತ್ತು. ಅವಳ ವಿಷಯದಲ್ಲಿ ಅವನು ಇನ್ನೂ ಮೊದಲ ಯಾಕೆಯನ್ನೂ ಕೇಳಿರಲಿಲ್ಲ. ಕಾದ ಕಬ್ಬಿಣ ಕೈಗೆ ಹತ್ತುತ್ತದೆ, ಹತ್ತು ದಿನ ಆರಲಿ ಎಂದು ಬಿಟ್ಟಿದ್ದ. ಈವತ್ತು ಸಂಜೆ ಕೇಳುವುದೆಂದು ಲೆಕ್ಕ.

ಮೊದಲ ಸಾಲು ವ್ಯಾಯಾಮಶಾಲೆಯದು. ಸೇರಿದ್ದು ಯಾಕೆಂದರೆ ಸುಮ್ಮನೆ ದರ ಕೇಳಲು ಹೋದವನ ಹೊಟ್ಟೆಯನ್ನು ಅಲ್ಲಿನ ಸ್ವಾಗತಕಾರಿಣಿ ನೋಡಿದ್ದಳು, ನೋಡಿ ತಕ್ಷಣ ಕಂಪ್ಯೂಟರಿನತ್ತ ಕಣ್ಣು ತಿರುಗಿಸಿದ್ದಳು. ಆ ತಕ್ಷಣಕ್ಕೆ ಅವನು ಎರಡು ವರ್ಷದಿಂದ ಕಪ್ಪ ಕೊಡುತ್ತಿದ್ದ. ಹೋದದ್ದು ಒಂಬತ್ತು ಸಲ, ಅದರಲ್ಲಿ ಎರಡು ಸಲ ಬರೀ ಸ್ನಾನಕ್ಕೆ. ಮುಂದಿನದು ನಾಯಿಗಳ ಆಶ್ರಮ. ಬೀದಿಯಲ್ಲಿ ನೀಲಿ ಅಂಗಿಯ ಹುಡುಗಿಯೊಬ್ಬಳು ತಡೆದಾಗ ಪಕ್ಕದಲ್ಲಿ ಕಚೇರಿಯ ಮೇಲ್ವಿಚಾರಕಿ ಇದ್ದಳು, ಹಾಗಾಗಿ ಬೇಡ ಎನ್ನಲಾಗಲಿಲ್ಲ. ಮೇಲ್ವಿಚಾರಕಿ ಮಾತ್ರ ನಗುತ್ತಲೇ ಬೇಡ ಎಂದು ಮುಂದೆ ನಡೆದಿದ್ದಳು. ಅಂದಿನಿಂದ ಪ್ರತಿ ತಿಂಗಳೂ ಮೂರು ಕಾಲಿನ ನಾಯಿಯೊಂದು ನಿಮ್ಮಂಥ ದೊಡ್ಡ ಮನಸ್ಸಿನವರು ಎಂದು ಅವನಿಗೆ ಪತ್ರ ಬರೆಯುತ್ತಿತ್ತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಆ ನಾಯಿಯ ನಾಲ್ಕನೇ ಕಾಲೂ ಹೋಗಲಿ ಎಂದುಕೊಂಡು ಕೆಂಪು ಗೀಟು ಎಳೆದ, ಎಳೆದ ಮೇಲೆ ಯಾರಾದರೂ ನೋಡಿದರೇ ಎಂಬಂತೆ ಕಿಟಕಿಯ ಕಡೆ ನೋಡಿದ. ಎದುರು ಕಟ್ಟಡದ ಬಾಲ್ಕನಿಯಲ್ಲಿ ಮುದುಕಿಯೊಬ್ಬಳು ಚಾಪೆ ಕೊಡವುತ್ತಿದ್ದಳು. ಆಮೇಲೆ ಫೋನಿನಲ್ಲಿ ಪರಭಾಷೆ ಕಲಿಸುವ ಪಾಠ. ಇಬ್ಬರೂ ಸಮುದ್ರದಾಚೆ ಒಂದು ಊರಿಗೆ ಹೋಗಿಬರುವುದೆಂದು ಒಂದು ಕಾಲದಲ್ಲಿ ಮಾತಾಗಿತ್ತು. ರೈಲು ನಿಲ್ದಾಣ ಎಲ್ಲಿದೆ, ನೀರು ಕೊಡಿ, ನನ್ನ ಹೆಂಡತಿಗೆ ಹುಷಾರಿಲ್ಲ ಎನ್ನುವಷ್ಟರಲ್ಲಿ ಅವನು ಆರನೇ ಪಾಠಕ್ಕೆ ನಿಂತಿದ್ದ, ಪಾಠವೇ ಸರಿಯಿಲ್ಲ ಎಂದಿದ್ದ. ಅವಳು ಈಗ ಎಷ್ಟನೆಯದರಲ್ಲಿದ್ದಾಳೆಂದು ತೆರೆದು ನೋಡಿದರೆ ನೂರಾ ಹನ್ನೆರಡು. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಗೊಣಗುತ್ತಿದ್ದದ್ದು ಇದು. ಅವನು ಅದನ್ನು ತನ್ನ ಮೇಲಿನ ಬೈಗುಳ ಎಂದುಕೊಂಡಿದ್ದ, ಎಷ್ಟೋ ದಿನ ಬಾಗಿಲಿಗೆ ಕಿವಿಯಿಟ್ಟು ತನ್ನ ಹೆಸರು ಬಂತೇ ಎಂದು ಕೇಳಿಸಿಕೊಂಡಿದ್ದ. ಹಸಿರು ಹಾಕಬೇಕಾಗಿತ್ತು, ಹಾಕಿದ. ಪೆನ್ನು ಹಾಳೆ ಹರಿಯುವಷ್ಟು ಒತ್ತಿ ಹಾಕಿದ.

ನಾಲ್ಕನೇ ಹಾಳೆಯಲ್ಲಿ ಆ ಸಾಲು ಕಂಡಿತು. ಕಂಡದ್ದು ಮೊತ್ತವಲ್ಲ, ಹೆಸರು. ಅವನದೇ ಕಂಪನಿಯ ಹೆಸರು. ಅವರ ಮನೆಯ ಲೈನಿಗೆ ನೌಕರನೆಂದು ಅವನು ದುಡ್ಡೇ ಕಟ್ಟುತ್ತಿರಲಿಲ್ಲ. ಹಾಗಾದರೆ ಇದು ಇನ್ನೊಂದು ಮನೆಯ ಲೈನು. ಅವನ ಎದೆಯಲ್ಲಿ ಏನೋ ಬಿಸಿಯಾಗಿ ಹರಡಿತು, ಅದು ಸಂತೋಷ ಎಂದು ಅವನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಸಿಕ್ಕಿಬಿದ್ದಳು. ಎಲ್ಲೋ ಒಂದು ಕೋಣೆ, ಆ ಕೋಣೆಯಲ್ಲಿ ಒಬ್ಬ ಗಂಡಸು, ಆ ಗಂಡಸು ಕಾಲು ಚಾಚಿಕೊಂಡ ಮಂಚ, ಅವನಿಗೆ ನೋಡಲು ಸಿನಿಮಾ, ಅದಕ್ಕೆ ಇವನ ಕಂಪನಿಯ ಲೈನು, ಇವನ ಸಂಬಳವೂ ಬೀಳುವ ಜಂಟಿ ಖಾತೆಯಿಂದ. ನ್ಯಾಯ ತನ್ನ ಕಡೆ ಬಂದು ಕೂತ ಹಾಗೆ ಕುರ್ಚಿಯಲ್ಲಿ ನೆಟ್ಟಗಾದ. ಮೂರು ಯಾಕೆಗಳೂ ಬೇಕಿಲ್ಲ, ಈ ಹಾಳೆಯನ್ನು ಅವಳ ಮುಂದೆ ತಳ್ಳಿ ಸುಮ್ಮನೆ ಕೂತರೆ ಸಾಕು. ಹಿಂದಿನ ತಿಂಗಳುಗಳನ್ನು ತಿರುವಿದ. ಎಂಟು ತಿಂಗಳು ಪೂರ್ತಿ ದರ. ಅದಕ್ಕೂ ಹಿಂದೆ ಆರು ತಿಂಗಳು ಅರ್ಧ ದರ. ಆರು ತಿಂಗಳು ಅರ್ಧ ದರ ಕಂಪನಿಯಲ್ಲಿ ಯಾರಿಗೂ ಸುಮ್ಮನೆ ಸಿಗುವುದಿಲ್ಲ. ಯಾರೋ ಬೇಡ ಎಂದು ಫೋನು ಮಾಡಿರಬೇಕು, ಯಾರೋ ಬಿಡದೆ ಉಳಿಸಿಕೊಂಡಿರಬೇಕು. ಸಾಲಿನ ಕೊನೆಯಲ್ಲಿ ಉಳಿಸಿಕೊಂಡವನ ನಾಲ್ಕಂಕಿಯ ಸಂಖ್ಯೆ ಇರುತ್ತದೆ, ಗಿರಾಕಿಗಳಿಗೆ ಅದು ಅರ್ಥವಾಗುವುದಿಲ್ಲ. ಅವನು ಓದಿದ. ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಒತ್ತುವ ತನ್ನದೇ ಸಂಖ್ಯೆ.

ಉಳಿಕೆ ವಿಭಾಗದವರು ತಮ್ಮ ತಮ್ಮ ಕರೆಗಳನ್ನು ಮನೆಯಿಂದಲೂ ಕೇಳಬಹುದು, ತಿಂಗಳಿಗೆ ಮೂರಕ್ಕೆ ತಾವೇ ಅಂಕ ಕೊಟ್ಟುಕೊಳ್ಳಬೇಕೆಂಬ ನಿಯಮವಿತ್ತು. ಅವನು ಎಲ್ಲಕ್ಕೂ ಕೇಳದೆಯೇ ಐದಕ್ಕೆ ಐದು ಹಾಕುತ್ತಿದ್ದ. ಲೈನಿನ ಸಂಖ್ಯೆ ಒತ್ತಿದಾಗ ಖಾತೆದಾರನ ಹೆಸರು ಬಂತು, ಯಾವನೋ ಗಂಡಸು, ಸರಿಯಾಯಿತು ಎಂದುಕೊಂಡ. ಕೆಳಗೆ ವಿಳಾಸ ನೋಡಿದ. ಅತ್ತೆಯ ಮನೆ. ಹೆಸರು ಅವನು ಮದುವೆಯಾಗುವ ಮೊದಲೇ ಸತ್ತಿದ್ದ ಮಾವನದು, ಲೈನು ಇನ್ನೂ ಅವರ ಹೆಸರಿನಲ್ಲೇ ಇತ್ತು. ಕರೆಯ ಹೊತ್ತಿನಲ್ಲಿ ಅವನು ಹೆಸರು, ವಿಳಾಸ ಓದುತ್ತಿರಲಿಲ್ಲ, ಯಾವ ಆಫರು ಇಡಬಹುದು ಎಂಬುದನ್ನಷ್ಟೇ ನೋಡುತ್ತಿದ್ದ. ಅತ್ತೆ ತೀರಿಕೊಂಡು ಹದಿನಾರು ತಿಂಗಳು. ಕರೆ ಹದಿನಾಲ್ಕು ತಿಂಗಳ ಹಿಂದಿನದು, ಕನ್ನಡಕದ ಅಂಗಡಿಯ ಫೋನಿನಿಂದ. ಹೆಂಡತಿ ಅಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಕರೆಯ ಮೇಲೆ ಮೇಲ್ವಿಚಾರಕಿ ಮಾದರಿ ಎಂದು ಗುರುತು ಹಾಕಿದ್ದಳು, ಅಂದರೆ ಹೊಸದಾಗಿ ಸೇರಿದವರಿಗೆ ಕೇಳಿಸಲು. ಅವನ ಬೆರಳು ಒತ್ತಲೋ ಬೇಡವೋ ಎಂದು ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನು ನಿಜವಾಗಿಯೂ ಕೈಯೆತ್ತಿ ಹೆಗಲು ಒರೆಸಿಕೊಂಡ. ಆಮೇಲೆ ಒತ್ತಿದ.

'ನಮಸ್ಕಾರ ಮೇಡಂ, ನಿಮ್ಮ ಮಾತು ಕೇಳುವುದಕ್ಕೇ ಕೂತಿದ್ದೇನೆ, ಹೇಳಿ.' ತನ್ನ ಧ್ವನಿ ಇಷ್ಟು ಸಿಹಿ ಎಂದು ಅವನಿಗೆ ಗೊತ್ತಿರಲಿಲ್ಲ. ಆ ಕಡೆ ಮೌನ. 'ಯಾರು ಮಾತಾಡ್ತಿರೋದು?' ಎಂದು ಹೆಂಡತಿ ಕೇಳಿದಳು. ಅವನು ಮೇಜಿನ ಹೆಸರು ಹೇಳಿದ. ಮತ್ತೆ ಮೌನ. ಅದರೊಳಗೆ ಸಣ್ಣ ನಗೆಯೊಂದು ಇತ್ತು, ಈಗ ಕೇಳಿದರೆ ಎಷ್ಟು ಸ್ಪಷ್ಟ. 'ಒಂದು ಲೈನು ತೆಗೆಸ್ಬೇಕಿತ್ತು,' ಎಂದಳು. ಯಾಕೆ ಎಂದು ಕೇಳಿದ. 'ಆ ಮನೇಲಿ ಯಾರೂ ಇಲ್ಲ.' ಯಾಕೆ ಎಂದು ತಿಳಿಯಬಹುದೇ ಎಂದ. 'ಇದ್ದವರು ತೀರಿಕೊಂಡ್ರು. ನಮ್ಮಮ್ಮ. ಎರಡು ತಿಂಗಳಾಯ್ತು.' ಧ್ವನಿಯಲ್ಲಿ ಈಗ ನಗು ಇರಲಿಲ್ಲ. 'ಅಯ್ಯೋ ಮೇಡಂ,' ಎಂದಿತು ಸಿಹಿ ಧ್ವನಿ, 'ನನಗೂ ತಾಯಿ ಇದ್ದಾರೆ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ.' ಅವನ ತಾಯಿ ಸತ್ತು ಇಪ್ಪತ್ತು ವರ್ಷವಾಗಿತ್ತು. 'ನಿಮ್ಗೆ ತಾಯಿ ಇದಾರಾ?' ಎಂದಳು. 'ಇದ್ದಾರೆ, ನನ್ನ ಜೊತೆಯಲ್ಲೇ ಇದ್ದಾರೆ. ಅದಕ್ಕೇ ಕೇಳುತ್ತೇನೆ, ಇಷ್ಟು ಬೇಗ ಯಾಕೆ ಮೇಡಂ?' ಮೂರನೆಯ ಯಾಕೆ. ಅವಳ ಉಸಿರು ಕೇಳಿಸಿತು. ಅಂಗಡಿಯಲ್ಲಿ ಯಾರೋ ಗಿರಾಕಿ ಕೆಮ್ಮಿದ್ದು ಕೇಳಿಸಿತು. 'ಕಸ ಹೊಡೆಯೋಕೆ ಅಂತ ಅಲ್ಲಿಗೆ ಹೋಗ್ತೀನಿ. ಎಲ್ಲ ಕತ್ಲೆ. ಆ ಡಬ್ಬಿದೊಂದು ದೀಪ ಮಾತ್ರ ಪಿಳಿಪಿಳಿ ಅಂತಿರತ್ತೆ. ಅಮ್ಮ ಇನ್ನೂ ಒಳಗಡೆ ಇದಾಳೆ ಅನ್ನೋ ಥರ. ನಂಗೆ ಆಗ್ತಿಲ್ಲ. ಇದನ್ನ ಮನೇಲಿ ಹೇಳೋಕೆ ಆಗಿಲ್ಲ.' 'ನನ್ನ ಹತ್ತಿರ ಹೇಳಿದಿರಲ್ಲ ಮೇಡಂ, ಹಗುರವಾಯಿತಲ್ಲ,' ಎಂದು ಅವನು ಸರಿಯಾಗಿ ಎರಡು ಸೆಕೆಂಡು ಬಿಟ್ಟು ಆರು ತಿಂಗಳ ಅರ್ಧ ದರ ಇಟ್ಟ. ಒಂಬತ್ತು ಸೆಕೆಂಡು ಏನೂ ಇಲ್ಲ. ಆಮೇಲೆ 'ಸರಿ' ಎಂದಳು. ಬೇರೇನಾದರೂ ಸಹಾಯ ಬೇಕೇ ಎಂದ. 'ನೀವು ಮನೇಲೂ ಹೀಗೇ ಮಾತಾಡ್ತೀರಾ?' ಅವನ ನಗು, ಗಿರಾಕಿಗಳಿಗೆಂದೇ ಇಟ್ಟ ನಗು. 'ಮನೆಯಲ್ಲಿ ಇದಕ್ಕಿಂತ ಚೆನ್ನಾಗಿ ಮಾತಾಡುತ್ತೇನೆ ಮೇಡಂ.'

ಅವತ್ತು ಸಂಜೆ ಅವಳು ಬಂದು ಬಾಗಿಲಲ್ಲೇ ನಿಂತಿದ್ದಳು. ಚಪ್ಪಲಿ ಕೂಡ ಬಿಚ್ಚದೆ, ಈವತ್ತು ಯಾರ್ಯಾರು ಫೋನ್ ಮಾಡಿದ್ರು ಎಂದು ಕೇಳಿದ್ದಳು. ಎಂದೂ ಕೇಳದವಳು ಕೇಳಿದ್ದಕ್ಕೆ ಅವನಿಗೆ ಖುಷಿಯಾಗಿತ್ತು. 'ಮಾಮೂಲಿ. ಬಯ್ಯೋರು, ಅಳೋರು. ಒಬ್ರನ್ನೂ ಬಿಡ್ಲಿಲ್ಲ,' ಎಂದು ಟಿವಿಯ ಕಡೆಗೇ ನೋಡುತ್ತ ಹೇಳಿದ್ದ. ಅವಳು ಊಟ ಮಾಡದೆ ಮಲಗಿದಳು. ತಲೆನೋವಿರಬೇಕು ಎಂದುಕೊಂಡು ಅವಳ ಪಾಲಿನದ್ದನ್ನೂ ತಿಂದಿದ್ದ. ಈಗ ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿದ್ದು ಹಾಳೆಗಳ ಅಂಚು ಮೇಲೇಳುತ್ತಿರುವಾಗ ಅವನು ಆ ಕರೆಯನ್ನು ಮತ್ತೆ ಕೇಳಿದ, ಮತ್ತೆ ಕೇಳಿದ, ಮೂರನೇ ಸಲಕ್ಕೆ ಅದರಲ್ಲಿ ತಪ್ಪು ಅವಳದೂ ಇದೆ ಎಂದು ಹುಡುಕಲು ಶುರುಮಾಡಿದ. ನಾನೇ ಕಣೋ ಎಂದರೆ ಮುಗಿಯುತ್ತಿತ್ತು. ಪರೀಕ್ಷೆ ಇಟ್ಟಳು. ಗಂಡನಿಗೆ ಪರೀಕ್ಷೆ ಇಡುವ ಹೆಂಗಸು ಎಂಥವಳು? ಸಿಟ್ಟು ಬಂದು ನಿಂತಿತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹದಿಮೂರು ವರ್ಷ ಒಂದೇ ದಿಂಬಿನ ಹತ್ತಿರ ಕೇಳಿದ ಧ್ವನಿ ಆರು ನಿಮಿಷ ಕಿವಿಯೊಳಗೇ ಇದ್ದರೂ ಅವನಿಗೆ ಗುರುತು ಸಿಕ್ಕಿರಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆಯನ್ನು ಅವಳ ಮುಂದೆ ಇಡುವುದಕ್ಕಿಂತ ಬೇರೆ ಏನು ಬೇಕಾದರೂ ಇಡಬಹುದು ಎನ್ನಿಸಿತು.

ಬೇರೆ ಒಂದಿತ್ತು. ಗೊತ್ತಿತ್ತು ಎನ್ನಬಹುದು. ಗೊತ್ತಾಗಿಯೂ ಗೊತ್ತಿಲ್ಲದವನಂತೆ ಮಾತಾಡಿದೆ, ಪಕ್ಕದಲ್ಲಿ ಮೇಲ್ವಿಚಾರಕಿ ಇನ್ನೊಂದು ಹೆಡ್‌ಫೋನು ಹಾಕಿ ಕೂತಿದ್ದಳು, ಮನೆಯವರ ಕರೆ ತೆಗೆದುಕೊಂಡರೆ ಕೆಲಸದಿಂದ ತೆಗೆಯುತ್ತಾರೆ. ಅಂಥ ನಿಯಮ ನಿಜಕ್ಕೂ ಇತ್ತು. ಆಗ ಅವನು ಕಲ್ಲೆದೆಯವನಾಗುತ್ತಾನೆ, ಆಗಲಿ. ಕಲ್ಲೆದೆಯವನನ್ನು ಹೆಂಗಸರು ಬಯ್ಯುತ್ತಾರೆ, ಅಳುತ್ತಾರೆ, ಕೊನೆಗೆ ಒಂದು ದಿನ ಕ್ಷಮಿಸುತ್ತಾರೆ. ಹೆಂಡತಿಯ ಧ್ವನಿ ಗೊತ್ತಾಗದ ಪೆದ್ದನನ್ನು ಕ್ಷಮಿಸುವುದಕ್ಕೆ ಏನಿರುತ್ತದೆ? ಹೀಗೆ ಯೋಚಿಸುತ್ತ ಉಳಿದ ಹಾಳೆಗಳಿಗೆಲ್ಲ ಗೀಟು ಎಳೆದು ಮುಗಿಸಿದ. ಆ ಒಂದು ಸಾಲನ್ನು ಮಾತ್ರ ಮುಟ್ಟಲಿಲ್ಲ. ಐದೂವರೆಗೆ ಬಾಗಿಲಲ್ಲಿ ಬೀಗದ ಕೈ ತಿರುಗಿತು.

ಅವಳು ನೀರು ಕುಡಿದು, ಚೀಲವನ್ನು ಹೆಗಲಿನಿಂದ ಇಳಿಸದೆಯೇ ಹಾಳೆಗಳನ್ನು ಒಂದೊಂದಾಗಿ ನೋಡಿದಳು. ನಾಯಿಯ ಕೆಂಪಿಗೆ ಹುಬ್ಬೇರಿಸಿದಳು, ಪಾಠದ ಹಸಿರಿಗೆ ಏನೂ ಅನ್ನಲಿಲ್ಲ. ನಾಲ್ಕನೇ ಹಾಳೆಗೆ ಬಂದಾಗ ಕೈ ನಿಂತಿತು. 'ಇದಕ್ಕೇನೂ ಹಾಕಿಲ್ಲ.'

'ಅದು ನಿಮ್ಮಮ್ಮನ ಮನೇದು.'

'ಹೂಂ.'

'ನೀನು ಮಾಡಿದ ಫೋನ್ ಎತ್ತಿದ್ದು ನಾನು.'

ಅವಳು ಕುರ್ಚಿ ಎಳೆದು ಕೂತಳು. ಮುಖದಲ್ಲಿ ಅವನು ಎದುರು ನೋಡಿದ್ದ ಯಾವುದೂ ಇರಲಿಲ್ಲ, ಬಹಳ ಹೊತ್ತು ನಿಂತವರು ಕೂತಾಗ ಬರುವ ಸಮಾಧಾನದಂಥದ್ದೇನೋ ಇತ್ತು. ಅದು ಅವನಿಗೆ ಹೆದರಿಕೆ ತಂದಿತು, ಹೆದರಿಕೆಗೆ ಬಾಯಿ ಜೋರಾಯಿತು. 'ನೀನ್ಯಾಕೆ ಹೇಳ್ಲಿಲ್ಲ? ನಾನೇ ಕಣೋ ಅಂತ ಒಂದು ಮಾತು ಅಂದಿದ್ರೆ ನಿನ್ ಗಂಟೇನು ಹೋಗ್ತಿತ್ತು?'

'ಈಗ ನಗ್ತಾನೆ, ಈಗ ನಗ್ತಾನೆ ಅಂತ ಕಾದೆ. ನೀನು ತಮಾಷೆ ಮಾಡ್ತಿದೀಯ ಅನ್ಕೊಂಡೆ. ಆಮೇಲೆ ತಾಯಿ ಇದಾರೆ ಅಂದ್ಯಲ್ಲ, ಆಗ ನನ್ ಬಾಯೇ ಕಟ್ಟೋಯ್ತು.'

'ಇನ್ನೊಂದ್ಸಲ ಫೋನ್ ಮಾಡಿ ತೆಗೆಸ್ಬಹುದಿತ್ತು. ಹದಿನಾಲ್ಕು ತಿಂಗ್ಳು ಸುಮ್ನೆ ಕಟ್ಟಿದೀಯ.'

'ಮತ್ತೆ ನೀನೇ ಸಿಕ್ಕಿದ್ರೆ?' ಎಂದಳು.

ಅವಳು ಹಾಳೆಯನ್ನು ಅವನ ಕಡೆಗೆ ಸ್ವಲ್ಪ ಸರಿಸಿದಳು. 'ಈ ಪಟ್ಟೀನ ನಾನೇ ಹತ್ತು ನಿಮಿಷದಲ್ಲಿ ಮಾಡ್ತಿದ್ದೆ. ಈ ಸಾಲು ನೀನಾಗೇ ನೋಡು, ನೀನಾಗೇ ಬಾಯಿ ಬಿಡು ಅಂತ ನಿನ್ ಕೈಗೆ ಕೊಟ್ಟೆ. ಒಂದೇ ಒಂದು ಕೇಳ್ತೀನಿ, ನಿಜ ಹೇಳು. ನನ್ ಧ್ವನಿ ಅಂತ ನಿಂಗೊತ್ತಾಗಿತ್ತೋ ಇಲ್ವೋ?'

'ಗೊತ್ತಾಗಿತ್ತು,' ಎಂದ ಅವನು. ಮಧ್ಯಾಹ್ನವೆಲ್ಲ ಹದ ಮಾಡಿ ಇಟ್ಟದ್ದು, ನೀರು ಕುಡಿದಷ್ಟು ಸಲೀಸಾಗಿ ಬಂತು. 'ಶುರುವಿನಲ್ಲೇ ಗೊತ್ತಾಗಿತ್ತು. ಆದ್ರೆ ಪಕ್ಕದಲ್ಲಿ ಮೇಲ್ವಿಚಾರಕಿ ಕೂತಿದ್ಳು. ನಮ್ಮನೆಯವ್ರು ಅಂತ ಗೊತ್ತಾದ್ರೆ ಕೆಲ್ಸ ಹೋಗ್ತಿತ್ತು. ಹೊಟ್ಟೇಲಿ ಬೆಂಕಿ ಇಟ್ಕೊಂಡು ಮಾತಾಡ್ದೆ.'

ಅವಳು ತಲೆಯಾಡಿಸಿದಳು, ತಡವಾಗಿ, ಎರಡು ಸಲ. ಚೀಲವನ್ನು ಹೆಗಲಿನಿಂದ ಇಳಿಸಿ ನೆಲದ ಮೇಲಿಟ್ಟಳು. 'ಗೊತ್ತಾಗಿರ್ಲಿಕ್ಕಿಲ್ಲ ಅಂತ ನಾನು ಜಗಳ ಮಾಡ್ತಿದ್ದೆ, ನನ್ ಜೊತೆ ನಾನೇ,' ಎಂದಳು. 'ದಿನಕ್ಕೆ ಅರವತ್ತು ಜನದ ಗೋಳು ಕೇಳೋನು. ದಣಿದಿರ್ತಾನೆ, ಕಿವಿ ಸತ್ತಿರತ್ತೆ, ಪಾಪ, ಯಾರ ಧ್ವನೀನೂ ಗೊತ್ತಾಗ್ತಿರಲ್ಲ. ಗೊತ್ತಾಗಿದ್ರೆ ಹಾಗೆ ಮಾತಾಡ್ತಿರ್ಲಿಲ್ಲ ಅಂತ. ಇವತ್ತು ನೀನು ಗೊತ್ತಾಗ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ನೋಡೋಣ, ಈ ಫಾರ್ಮು ಹರಿದು ಹಾಕೋಣ ಅನ್ಕೊಂಡು ಬಂದೆ.'

ಅವನು ಮೇಜಿನ ಅಂಚು ಹಿಡಿದುಕೊಂಡ. 'ಇಲ್ಲ. ಸುಳ್ಳು ಹೇಳ್ದೆ. ಗೊತ್ತಾಗಿರ್ಲಿಲ್ಲ ಕಣೆ. ಇವತ್ತು ಕೇಳಿದ್ಮೇಲೇ ಗೊತ್ತಾಗಿದ್ದು. ದೇವರಾಣೆ, ನಾಚ್ಕೆ ಆಯ್ತು ಅದಕ್ಕೇ ಹಾಗಂದೆ. ನಿನ್ನಾಣೆ ಗೊತ್ತಾಗಿರ್ಲಿಲ್ಲ.'

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿನಿಂದಲ್ಲ. ಅಂಗಡಿಯಲ್ಲಿ ಅಕ್ಷರ ಕಾಣದಿದ್ದರೂ ಕಾಣುತ್ತದೆ ಎನ್ನುವ ಗಿರಾಕಿಗಳನ್ನು ನೋಡುವ ತಾಳ್ಮೆಯಿಂದ ನೋಡಿದಳು.

'ಇದು ಎರಡನೇ ಆಫರು ಅಲ್ವಾ?' ಎಂದಳು.

'ಅಲ್ಲ,' ಎಂದ. ಆ ಮಾತು ಮೆತ್ತಗೆ, ತಗ್ಗಿದ ಸ್ವರದಲ್ಲಿ, ಸರಿಯಾಗಿ ಎರಡು ಸೆಕೆಂಡು ಬಿಟ್ಟು ಬಂದಿತ್ತು, ಮಧ್ಯಾಹ್ನ ಮೂರು ಸಲ ಕೇಳಿದ ಧ್ವನಿಯೇ ಅದು ಎಂದು ಅವನಿಗೆ ತಕ್ಷಣ ಗೊತ್ತಾಯಿತು. ಇನ್ನೊಮ್ಮೆ, ಬೇರೆ ಥರ ಹೇಳಬೇಕೆಂದು ಬಾಯಿ ತೆರೆದ. ಕಿರುಚಬೇಕೆನ್ನಿಸಿತು, ಕಿರುಚಿದರೂ ಅದು ಉಳಿಕೆ ವಿಭಾಗದ ಪಾಠದ ಇನ್ನೊಂದು ಪುಟದ ಹಾಗೆ ಕೇಳಿಸುತ್ತದೆ ಎನ್ನಿಸಿತು. ಎದುರಿಗೆ ಕೂತವಳನ್ನು ಅವನು ದ್ವೇಷಿಸಿದ, ಅಷ್ಟು ವರ್ಷ ತನ್ನ ಮಾತು ಕೇಳಿಸಿಕೊಂಡು ಎಲ್ಲವನ್ನೂ ನೆನಪಿಟ್ಟುಕೊಂಡಿದ್ದಕ್ಕೆ. ಅವಳು ಹಸಿರು ಪೆನ್ನು ತೆಗೆದುಕೊಂಡು ಉಳಿದಿದ್ದ ಸಾಲಿನ ಮುಂದೆ ಒಂದು ಗುರುತು ಹಾಕಿದಳು. 'ಇದು ನಂಗಿರ್ಲಿ. ಅಲ್ಲಿ ಬೇಕಾಗತ್ತೆ.' ಆಮೇಲೆ ಚೀಲದಿಂದ ಬ್ಯಾಂಕಿನ ಫಾರ್ಮು ತೆಗೆದು, ತನ್ನ ಸಹಿ ಹಾಕಿ, ಅವನ ಕಡೆಗೆ ತಿರುಗಿಸಿ ಇಟ್ಟಳು.

ಅವನು ಸಹಿ ಹಾಕಿದ.

'ತಾರೀಕು ಹಾಕು.'

'ಇವತ್ತು ಎಷ್ಟು?' ಎಂದ. ಅವಳು ಹೇಳಿದಳು.